ಬಂದ ದಾರೀಲೇ ವಾಪಸ್ಸು ಹೋಗೋ ಕರೆಂಟು

ಊರ ಕಡೆ ಬಸ್ಸಲ್ಲಿ ಓಡಾಡುವಾಗ ಕಿಟಕಿ ಪಕ್ಕ ಸೀಟು ಸಿಕ್ರೆ ಮನೆಗಳ ತಾರಸಿ ಕಡೆ ಒಸಿ ಕಣ್ಣಾಡಿಸಿ ನೋಡ್ರವ್ವ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಯಾವ ಕಡೆ ಹೋದ್ರೂ ಅಲ್ಲೊಂದು ಇಲ್ಲೊಂದು ಮನೆ ಮೇಲೆ ನೀಲಿ ಗಾಜಿನ ಹಲಗೆ ಕಾಣ್ತವೆ. ನಮ್ಮೋರಿಗೆ ಇಷ್ಟು ದಿನ ಸೋಲಾರ್ ಅಂದ್ರೆ ಸ್ನಾನದ ಬಿಸಿನೀರು, ಅಷ್ಟೇ. ಈ ಹಲಗೆ ಬೇರೆ. ಇದು ಕರೆಂಟು ಮಾಡೋದು. ಮನೆಗೆ ಸಾಕಾಗಿ ಮಿಕ್ಕಿದ್ದ ಬೀದಿ ಕಂಬದ ತಂತಿಗೇ ವಾಪಸ್ಸು ಬಿಡೋದು.

ಕೆ.ಆರ್.ಪೇಟೆ ನಾದಿನಿ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, "ಹಾಕಿಸ್ಲಾ ಬ್ಯಾಡ್ವಾ ಅತ್ಗೆ?" ಅಂತ. ನಮ್ ಬೀದೀಲೂ ಮೂರು ಜನ ಕೇಳವ್ರೆ. ಹಾಕ್ಸಿ, ಬ್ಯಾಡಿ ಅಂತ ಒಂದೇ ಮಾತಲ್ಲಿ ಹೇಳೋಕೆ ನನ್ ಕೈಲಾಗಕಿಲ್ಲ. ನಮ್ ಸೀಮೆಗೆ ಕರೆಂಟು ಹೆಂಗೆ ಬಂತು, ಯಾರಿಗೆ ಮೊದಲು ಬಂತು, ಯಾರು ಕೊನೇಗೆ ಕಾದ್ರು ಅನ್ನೋದ ತಿಳ್ಕಂಡ್ರೆ ಈ ಹಲಗೆ ಯಾಕೆ ಅಷ್ಟು ದೊಡ್ಡ ಸಂಗತಿ ಅಂತ ಗೊತ್ತಾಯ್ತದೆ. ಅದಕ್ಕೆ ಬರೀತಾ ಇವ್ನಿ.

ಕರೆಂಟು ಹುಟ್ಟಿದ್ದೇ ನಮ್ ಜಿಲ್ಲೇಲಿ ಕಣ್ರವ್ವ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ, 1902ನೇ ಇಸವಿ ಜೂನ್ 30ಕ್ಕೆ. ಆಗ ಮಂಡ್ಯ ಜಿಲ್ಲೆ ಅಂತ ಇರ್ಲಿಲ್ಲ, ಮೈಸೂರು ಜಿಲ್ಲೇಲೇ ಸೇರಿತ್ತು, ಬೇರೆ ಆಗಿದ್ದು 1939ರಲ್ಲಿ. ದಿವಾನರು ಶೇಷಾದ್ರಿ ಅಯ್ಯರ್ ಅವರು ಮುಂದೆ ನಿಂತು ಶುರು ಮಾಡಿಸಿದ ಕೆಲಸ ಇದು. ಪಾಪ, ದೀಪ ಹತ್ತೋದ ನೋಡೋಕೆ ಅವರು ಇರ್ಲಿಲ್ಲ, ಹಿಂದಿನ ವರ್ಷವೇ ತೀರ್ಕಂಡ್ರು. ಇಂಜಿನಿಯರು ಜಾಲಿ ಡಿ ಲಾಟ್‌ಬಿನಿಯರ್ ಅಂತ. ಯಂತ್ರಗಳು ಅಮೆರಿಕ, ಸ್ವಿಟ್ಜರ್ಲೆಂಡಿಂದ ಹಡಗಲ್ಲಿ ಬಂದು, ಅಲ್ಲಿಂದ ಆನೆ, ಎತ್ತಿನ ಗಾಡಿ ಮೇಲೆ ಎಳೆಸ್ಕಂಡು ಕಾಡು ದಾರೀಲಿ ಬಂದ್ವು. ನಾವು ಹೆಂಗಸರು ತಿಳ್ಕಬೇಕಾದ ಮಾತು ಇನ್ನೊಂದದೆ. ಆಗ ರಾಜ್ಯ ನಡೆಸ್ತಿದ್ದೋರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕೋರು, ಅಧಿಕಾರ ತಗಂಡಿದ್ದು ಅದೇ 1902ರ ಆಗಸ್ಟಲ್ಲಿ. ಅಂದ್ರೆ ಮೈಸೂರು ಸೀಮೆಗೆ ಕರೆಂಟು ಬಂದಿದ್ದು ಒಬ್ಬ ತಾಯಿ ಆಳ್ವಿಕೇಲಿ. ಇದನ್ನ ಶಾಲೇಲಿ ನಮ್ಗೆ ಯಾರೂ ಹೇಳ್ಕೊಡ್ಲಿಲ್ಲ ನೋಡಿ.

ಹುಟ್ಟಿದ್ದೇನೋ ಇಲ್ಲಿ. ಹೋಗಿದ್ದು ಎಲ್ಲಿಗೆ? ಕೋಲಾರದ ಚಿನ್ನದ ಗಣಿಗೆ. ಕನಕಪುರದ ಮೇಲೆ 92 ಮೈಲಿ ತಂತಿ ಎಳೆದ್ರು, ನಮ್ ಈಗಿನ ಲೆಕ್ಕದಲ್ಲಿ 148 ಕಿಲೋಮೀಟರು. ಆ ಕಾಲಕ್ಕೆ ಪ್ರಪಂಚದಲ್ಲೇ ಅಷ್ಟುದ್ದದ ಲೈನು ಬಲು ಅಪರೂಪ. ಗಣಿ ನಡೆಸ್ತಿದ್ದ ಇಂಗ್ಲಿಷ್ ಕಂಪನಿಗೆ ಕರೆಂಟು ಬೇಕಿತ್ತು, ದುಡ್ಡು ಕೊಡೋಕೆ ತಯಾರಿತ್ತು, ಹೋಯ್ತು. ಆಮೇಲೆ 1905ರ ಆಗಸ್ಟ್ 5ಕ್ಕೆ ಬೆಂಗಳೂರ ಬೀದಿಗೆ ದೀಪ. 1908ರಲ್ಲಿ ಮೈಸೂರಿಗೆ. ಹೊಳೆ ದಡದಲ್ಲಿ ಇದ್ದ ಹಳ್ಳಿಯೋರು ಹರಳೆಣ್ಣೆ, ಹೊಂಗೆ ಎಣ್ಣೆ ದೀಪದಲ್ಲೇ ಹಿಟ್ಟು ತೊಳಸ್ತಿದ್ರು.

ಬೇಸಿಗೇಲಿ ಕಾವೇರಿ ಇಳಿದ್ರೆ ಶಿವನಸಮುದ್ರದ ಚಕ್ರ ನಿಧಾನ ಆಗೋದು, ಗಣಿಗೆ ಕರೆಂಟು ಕಮ್ಮಿ ಬೀಳೋದು. ಕನ್ನಂಬಾಡಿ ಕಟ್ಟೆ ಕಟ್ಟೋಕೆ ಇದೂ ಒಂದು ದೊಡ್ಡ ಕಾರಣ. ನಾವೆಲ್ಲ ಕಟ್ಟೆ ಅಂದ್ರೆ ಗದ್ದೆಗೆ ನೀರು ಅಂತಲೇ ತಿಳ್ದಿದ್ದೀವಿ. 1911ರಲ್ಲಿ ಕೆಲಸ ಶುರುವಾದಾಗ ಮೊದಲ ಹಂತದಲ್ಲಿ ವರ್ಷ ಪೂರ್ತಿ ಶಿವನಸಮುದ್ರಕ್ಕೆ ಒಂದೇ ಸಮ ನೀರು ಬಿಡೋ ಲೆಕ್ಕ ಮುಖ್ಯವಾಗಿತ್ತು. ವಿಶ್ವೇಶ್ವರಯ್ಯನವರ ಮನಸ್ಸಲ್ಲಿ ನೀರಾವರೀನೂ ಇತ್ತು, ಸುಳ್ಳಲ್ಲ. ವಿಶ್ವೇಶ್ವರಯ್ಯ ನಾಲೆ ಬಂದಮೇಲೆ ಮಂಡ್ಯದ ಬಣ್ಣವೇ ಬದಲಾಯ್ತು, ಕಬ್ಬು ಬಂತು, ಭತ್ತ ಬಂತು. ಆದ್ರೆ ಕರೆಂಟಿನ ಲೆಕ್ಕದಲ್ಲಿ ನೋಡಿದ್ರೆ, ಹಳೇ ಕನ್ನಂಬಾಡಿಯಂಥ ಊರುಗಳು ಮುಳುಗಿದ್ದು ನೀರಿಗೂ ಹೌದು, ದೂರದ ಊರಿನ ದೀಪಕ್ಕೂ ಹೌದು. ಮುಳುಗಡೆಯೋರು ಮನೆ ಬುಟ್ಟು ಎದ್ದು ಬಂದು ಬೇರೆ ಕಡೆ ನೆಲೆ ಮಾಡ್ಕಂಡ್ರು. ನೀರಲ್ಲಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವ ಈಚೆಗೆ ನಮ್ ತಾಲೂಕಿನ ಹೊಸ ಕನ್ನಂಬಾಡೀಲಿ ಮತ್ತೆ ಕಟ್ಟವ್ರೆ, ನೀವೆಲ್ಲ ನೋಡಿರ್ತೀರಿ.

ನಮ್ಮತ್ತೆ ಒಂದು ಮಾತು ಹೇಳೋರು. ಮದುವೆಯಾದ ಹೊಸದ್ರಲ್ಲಿ ಎತ್ತಿನ ಗಾಡಿ ಕಟ್ಕಂಡು ಬೃಂದಾವನ ನೋಡೋಕೆ ಹೋಗಿದ್ರಂತೆ. ಕಾರಂಜಿಗೆ ಕೆಂಪು, ಹಸಿರು, ನೀಲಿ ದೀಪ. ಕಣ್ತುಂಬ ನೋಡ್ಕಂಡು ರಾತ್ರಿ ಮನೆಗೆ ಬಂದು ಸೀಮೆಎಣ್ಣೆ ಬುಡ್ಡಿ ಹಚ್ಚಿ ಹಾಲಿಗೆ ಹೆಪ್ಪು ಹಾಕಿದ್ರಂತೆ. "ನೀರಿಗೆ ಬಣ್ಣದ ದೀಪ, ನಮ್ ಒಲೆಗೆ ಬುಡ್ಡಿ" ಅಂತ ನಗೋರು.

ಹಳ್ಳಿಗೆ ಕಂಬ ಬಂದಿದ್ದು ಕೆಇಬಿ ಆದ್ಮೇಲೆ. ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1957ರಲ್ಲಿ ಆಯ್ತು, ಶರಾವತಿ ಕರೆಂಟು ಅರವತ್ತರ ದಶಕದಲ್ಲಿ ಬಂತು. ಈಗ ಚೆಸ್ಕಾಂ ಆಗಿದ್ರೂ ನಮ್ ಬಾಯಲ್ಲಿ ಇನ್ನೂ ಕೆಇಬಿಯೋರೇ. ನನ್ ತವರು ನಾಗಮಂಗಲದ ಕಡೆ ಒಣ ಭೂಮಿ. ಅಲ್ಲಿ ಲೈನು ಮೊದಲು ಹೋಗಿದ್ದು ಬಾವಿ ಪಂಪ್‌ಸೆಟ್ಟಿಗೆ. ನಮ್ಮಪ್ಪ ತೋಟದಲ್ಲಿ ಮೋಟ್ರು ಹಾಕ್ಸಿ ಎರಡು ವರ್ಷ ಆದ್ಮೇಲೆ ಮನೆಗೆ ಬಲ್ಬು ಬಂತು. ಅದೂ ನಡುಮನೇಲಿ ಒಂದು. ಅಡುಗೆಮನೆಗೆ ಬರೋಕೆ ಇನ್ನೂ ಒಂದಷ್ಟು ವರ್ಷ ಹಿಡೀತು. ನಮ್ಮವ್ವ ನಡುಮನೆ ಬಾಗಿಲ ತೆಗೆದಿಟ್ಟು, ಅದರ ಬೆಳಕಲ್ಲಿ ಸಾರು ಬೇಯ್ಸೋಳು. ಬಡವರ ಮನೆಗಳಿಗೆ ಸರ್ಕಾರದ ಭಾಗ್ಯಜ್ಯೋತಿ ಬಂದಾಗಲೂ ಒಂದೇ ಬಲ್ಬು. ಒಂದು ಮನೇಲಿ ಒಂದೇ ದೀಪ ಅಂದ್ರೆ ಅದು ಎಲ್ಲಿ ಉರೀತದೆ? ಗಂಡಸರು ಕೂರೋ ಕಡೆ.

ಗಣಿಗೆ, ಪಟ್ಟಣಕ್ಕೆ, ಕಾರ್ಖಾನೆಗೆ, ಪಂಪಿಗೆ, ನಡುಮನೆಗೆ, ಆಮೇಲೆ ಒಲೆ ಹತ್ರಕ್ಕೆ. ಕರೆಂಟು ನಡೆದ ದಾರಿ ಇದು.

ಪಂಪ್‌ಸೆಟ್ಟಿನ ಕತೆ ನಿಮಗೂ ಗೊತ್ತಿರೋದೇ. 10 ಎಚ್‌ಪಿ ವರೆಗೆ ರೈತರ ಮೋಟ್ರಿಗೆ ಸರ್ಕಾರವೇ ದುಡ್ಡು ಕಟ್ತದೆ. ಬೋರು ಹೆಚ್ಚಾದ್ವು, ತ್ರೀ ಫೇಸ್ ಬಂದ ತಕ್ಷಣ ಎಲ್ಲಾರೂ ಒಟ್ಟಿಗೆ ಸ್ವಿಚ್ ಹಾಕೋರು, ಟಿಸಿ ಸುಟ್ಟೋಗೋದು, ಊರೆಲ್ಲ ಎರಡು ಮೂರು ದಿನ ಕತ್ತಲು. ನಮ್ ದಿನವೆಲ್ಲ ತ್ರೀ ಫೇಸ್ ಲೆಕ್ಕದಲ್ಲೇ ನಡೀತಿತ್ತು. ಮಿಲ್ಲಿಗೆ ರಾಗಿ ತಗಂಡೋದ್ರೆ "ತ್ರೀ ಫೇಸ್ ಬಂದಮೇಲೆ ಬಾರವ್ವ" ಅನ್ನೋರು. ಆಮೇಲೆ ನಿರಂತರ ಜ್ಯೋತಿ ಅಂತ ಮಾಡಿ ಮನೆ ಲೈನೇ ಬೇರೆ, ಪಂಪಿನ ಲೈನೇ ಬೇರೆ ಎಳೆದ್ರು. ಅಲ್ಲಿಗೆ ಮನೆಯೋರಿಗೆ ಒಸಿ ಉಸಿರು ಬಂತು. ಯಾರೂ ಇದರ ಬಗ್ಗೆ ಹೆಚ್ಚು ಮಾತಾಡಕಿಲ್ಲ, ನನ್ ಲೆಕ್ಕದಲ್ಲಿ ಹಳ್ಳಿ ಹೆಂಗಸರಿಗೆ ಬಹಳ ಉಪಕಾರ ಆಗಿದ್ದು ಅದರಿಂದ.

ಈಗ ಸೋಲಾರಿಗೆ ಬರ್ತೀನಿ.

ಈ ರಾಜ್ಯದಲ್ಲಿ ಸೋಲಾರ್ ದೀಪ ಹೊಸದಲ್ಲ. ಸೆಲ್ಕೋದೋರು 1995ರಿಂದ ಹಳ್ಳಿ ಮನೆಗಳಿಗೆ ಬ್ಯಾಂಕ್ ಸಾಲದ ಮೇಲೆ ಸೋಲಾರ್ ದೀಪ ಹಾಕಿಸ್ಕೊಡ್ತಾ ಬಂದವ್ರೆ. ಅದು ಬ್ಯಾಟರಿ ದೀಪ, ಕಂಬಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಂಬಕ್ಕೆ ವಾಪಸ್ಸು ಕೊಡೋ ಲೆಕ್ಕ ಜೋರಾಗಿದ್ದು 2013ರಿಂದ ಈಚೆಗೆ. ಆಗ ವಿದ್ಯುತ್ ನಿಯಂತ್ರಣ ಆಯೋಗದೋರು ಸಬ್ಸಿಡಿ ಇಲ್ದೆ ಹಾಕ್ಸಿದ ಚಾವಣಿ ಸೋಲಾರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಅಂತ ದರ ಕಟ್ಟಿದ್ರು. ಹಲಗೆ ಆಗ ಬಲು ತುಟ್ಟಿ, ಅದಕ್ಕೇ ಅಷ್ಟು ದರ. ಆಮೇಲೆ ಹಲಗೆ ಬೆಲೆ ಇಳೀತು, ದರವೂ ಇಳೀತು. "ಯಾರೋ ತಿಂಗಳಿಗೆ ಅಷ್ಟು ದುಡ್ಡು ಎಣಿಸ್ತಾವ್ರಂತೆ" ಅಂತ ಹಳೇ ಸುದ್ದಿ ಹಿಡ್ಕಂಡು ಈಗ ಹೊರಡಬ್ಯಾಡಿ. ಆ ಕಾಲ ಮುಗೀತು. 2014ರಲ್ಲಿ ಸೂರ್ಯರೈತ ಅಂತ ಕನಕಪುರದ ಹಾರೋಬೆಲೆ ಕಡೆ ಪಂಪ್‌ಸೆಟ್ಟಿಗೂ ಇದನ್ನ ಮಾಡಿ ನೋಡಿದ್ರು, ಮೋಟ್ರಿಗೆ ಸಾಕಾಗಿ ಮಿಕ್ಕಿದ್ದ ರೈತರು ಲೈನಿಗೆ ಮಾರೋದು.

ಇದು ಹೆಂಗೆ ನಡೀತದೆ ಅಂದ್ರೆ, ಡೈರಿಗೆ ಹಾಲು ಹಾಕಿದಂಗೆ ಅನ್ಕಳಿ. ಬೆಳಿಗ್ಗೆ ಹಸು ಕರೆದು ಮನೆಗೆ ಬೇಕಾದಷ್ಟು ಇಟ್ಕಂಡು ಮಿಕ್ಕಿದ್ದ ಡೈರಿಗೆ ಹಾಕ್ತೀವಿ. ಮನೇಲಿ ನೆಂಟರು ಬಂದು ಹಾಲು ಸಾಲ್ದೆ ಹೋದ್ರೆ ಅಂಗಡೀಲಿ ಪ್ಯಾಕೆಟ್ ತತ್ತೀವಿ. ಹಗಲು ತಾರಸಿ ಕರೀತದೆ, ರಾತ್ರಿ ನಾವು ಕಂಬದಿಂದ ತತ್ತೀವಿ. ಎರಡೂ ಕಡೆ ಓಡೋ ಮೀಟ್ರು ಹಾಕ್ತಾರೆ, ಒಳಗೆ ಬಂದಿದ್ದೆಷ್ಟು, ಹೊರಗೆ ಹೋಗಿದ್ದೆಷ್ಟು ಅಂತ ಬರ್ಕತದೆ. ತಿಂಗಳ ಕೊನೇಗೆ ಒಂದಕ್ಕೊಂದು ವಜಾ ಹಾಕಿ, ನಾವು ಹೆಚ್ಚು ತಗಂಡಿದ್ರೆ ಅಷ್ಟಕ್ಕೆ ಬಿಲ್ಲು, ನಾವೇ ಹೆಚ್ಚು ಕೊಟ್ಟಿದ್ರೆ ಅಷ್ಟಕ್ಕೆ ಆಯೋಗದ ದರದಲ್ಲಿ ದುಡ್ಡು. ಹಾಲಿನಂಗೇ, ಹಾಕೋ ರೇಟು ಬೇರೆ, ಕೊಳ್ಳೋ ರೇಟು ಬೇರೆ. ಅದಕ್ಕೆ ಮಾರೋಕಂತ ಹಾಕ್ಸೋದಕ್ಕಿಂತ ಮನೆ ಖರ್ಚು ತೂಗ್ಸೋಕೆ ಹಾಕ್ಸೋದು ವಾಸಿ. 1 ಕಿಲೋವ್ಯಾಟ್ ಹಲಗೆಗೆ ಸುಮಾರು 100 ಚದರಡಿ ಜಾಗ ಬೇಕು, ಬಿಸಿಲು ಚೆನ್ನಾಗಿದ್ರೆ ದಿನಕ್ಕೆ ಹತ್ರತ್ರ 4 ಯೂನಿಟ್ಟು ಮಾಡ್ತದೆ. ಆಷಾಢ, ಶ್ರಾವಣದ ಮೋಡದಲ್ಲಿ ಅಷ್ಟು ಬರಕಿಲ್ಲ.

ಮಿಕ್ಕಿದ ಕರೆಂಟು ಎಲ್ಲಿಗೆ ಹೋಯ್ತದೆ ಅಂತ ನಮ್ ಪಕ್ಕದ ಮನೆಯಕ್ಕ ಕೇಳಿದ್ರು. ಬಲು ಒಳ್ಳೆ ಪ್ರಶ್ನೆ. ಬೆಂಗಳೂರಿಗೂ ಹೋಗಕಿಲ್ಲ, ಕೋಲಾರಕ್ಕೂ ಹೋಗಕಿಲ್ಲ. ಪಕ್ಕದ ಮನೆ ಮಿಕ್ಸಿಗೆ, ಎದುರು ಮನೆ ಫ್ರಿಜ್ಜಿಗೆ, ಹಾಲಿನ ಡೈರಿ ಕೂಲರಿಗೆ ಹೋಯ್ತದೆ. ಒಂದು ಟಿಸಿ ಕೆಳಗಿರೋ ಮನೆಗಳೇ ಹಂಚ್ಕತವೆ. ನಾಲೆ ನೀರಿನ ಲೆಕ್ಕ ನಿಮ್ಗೆಲ್ಲ ಗೊತ್ತಲ್ಲ. ತೂಬಿನ ಹತ್ರ ಇರೋನ ಗದ್ದೆ ತುಂಬ್ತದೆ, ಕೊನೇ ಭಾಗದೋನು ಮಡಕೆ ಹಿಡ್ಕಂಡು ಆಕಾಶ ನೋಡ್ತಾನೆ. ಕರೆಂಟೂ ಹಂಗೇ. ಟಿಸಿ ಪಕ್ಕದ ಮನೇಲಿ ಬಲ್ಬು ಬೆಳ್ಳಗೆ ಉರೀತದೆ, ಬೀದಿ ಕೊನೇಲಿ ಸಂಜೆ ಹೊತ್ತು ಫ್ಯಾನು ತಿರುಗೋದ ಎಣಿಸ್ಬೋದು. ಆದ್ರೆ ನೀರು ಕೊನೆಯಿಂದ ಹಿಂದಕ್ಕೆ ಹರಿಯಕಿಲ್ಲ, ಕರೆಂಟು ಹರೀತದೆ. ಬೀದಿ ಕೊನೇ ಮನೆ ಮೇಲೆ ಹಲಗೆ ಹಾಕಿದ್ರೆ ಹಗಲು ಹೊತ್ತು ಆ ಕೊನೇಲೇ ಒಂದು ತೂಬು ತೆಗೆದಂಗೆ. ಆಸುಪಾಸಿನ ನಾಕು ಮನೆಗೆ ವೋಲ್ಟೇಜು ಏರ್ತದೆ.

ಅದು ಒಂದು ಮಿತಿ ತಂಕ ಸರಿ. ಆ ತಂತಿ, ಆ ಟಿಸಿ ಎಲ್ಲ ಕರೆಂಟು ಮೇಲಿಂದ ಕೆಳಕ್ಕೆ ಬರ್ಲಿ ಅಂತ ಹಾಕಿರೋವು. ಒಂದೇ ಬೀದೀಲಿ ಹತ್ತಾರು ಮನೆಯೋರು ಹಾಕ್ಸಿ, ಮಧ್ಯಾಹ್ನ ಎಲ್ಲಾರೂ ಹೊಲಕ್ಕೋ ಕೆಲಸಕ್ಕೋ ಹೋಗಿ, ಬಳಸೋರೇ ಇಲ್ದೆ ಹೋದ್ರೆ ವೋಲ್ಟೇಜು ಮಿತಿ ಮೀರಿ ಏರ್ತದೆ. ಆಗ ಮನೆ ಗೋಡೇಲಿರೋ ಇನ್ವರ್ಟರು ತಾನಾಗೇ ನಿಂತೋಯ್ತದೆ. ಬಿಸಿಲು ರಣಗುಟ್ತಿರ್ತದೆ, ಹಲಗೆ ಸುಮ್ನೆ ಕಾಯ್ತಾ ಕೂತಿರ್ತವೆ. ಹಂಗಾಗಿ ನಿಮ್ ಬೀದಿ ಟಿಸಿ ಎಷ್ಟರದು, ಅದರ ಕೆಳಗೆ ಈಗಾಗ್ಲೇ ಎಷ್ಟು ಮನೆಯೋರು ಹಾಕ್ಸವ್ರೆ ಅಂತ ಕೇಳಿ ತಿಳ್ಕಳಿ. 2024ರಲ್ಲಿ ಕೇಂದ್ರದ ನಿಯಮ ಬದಲಾಗದೆ. 10 ಕಿಲೋವ್ಯಾಟ್ ತಂಕ ಮನೆಯೋರ ಅರ್ಜಿಗೆ ಬೇರೆ ತಾಂತ್ರಿಕ ಪರೀಕ್ಷೆ ಬೇಕಿಲ್ಲ, 5 ಕಿಲೋವ್ಯಾಟ್ ತಂಕ ಲೈನು ಗಟ್ಟಿ ಮಾಡ್ಬೇಕಾಗಿ ಬಂದ್ರೆ ಆ ಖರ್ಚು ವಿದ್ಯುತ್ ಕಂಪನಿಯದೇ. ಮೂರು ನಾಕು ಮನೆಯೋರು ಸೇರ್ಕಂಡು ಹೋಗಿ ಬರವಣಿಗೇಲಿ ಕೇಳಿ. ಒಬ್ಬೊಬ್ಬರೇ ಹೋಗೋದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಇನ್ನೊಂದು ಮಾತು, ಬಹಳ ಜನಕ್ಕೆ ಇದು ಹಾಕ್ಸಿದ ಮೇಲೆ ಗೊತ್ತಾಗೋದು. ಬ್ಯಾಟರಿ ಇಲ್ದಿರೋ ಈ ಸೋಲಾರು ಕಂಬದಲ್ಲಿ ಕರೆಂಟು ಹೋದ್ರೆ ತಾನೂ ಹೋಯ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಿಸಿಲಿದ್ರೂ ಮನೇಲಿ ಫ್ಯಾನು ತಿರುಗಕಿಲ್ಲ. ಮೋಸ ಅಂತ ಬೈಯ್ಯಬ್ಯಾಡಿ. ಲೈನ್ ಆಫ್ ಮಾಡ್ಸಿ ಲೈನ್‌ಮ್ಯಾನು ಕಂಬ ಹತ್ತಿರ್ತಾನೆ. ಅದೇ ಹೊತ್ತಲ್ಲಿ ನಮ್ ತಾರಸಿಯಿಂದ ಕರೆಂಟು ಹೋದ್ರೆ ಅವನ ಗತಿ? ಅವನಿಗೂ ಹೆಂಡ್ತಿ ಮಕ್ಕಳು ಅವ್ರೆ. ಅದಕ್ಕೇ ಇನ್ವರ್ಟರು ಕಂಬದ ಕರೆಂಟು ನೋಡ್ಕಂಡೇ ಓಡ್ತದೆ, ಅದು ಸತ್ರೆ ತಾನೂ ನಿಲ್ತದೆ. ಕರೆಂಟು ಹೋದಾಗ್ಲೂ ಬೇಕು ಅಂದ್ರೆ ಬ್ಯಾಟರಿ ಇರೋದ ಹಾಕ್ಸ್ಬೇಕು, ಅದರ ಖರ್ಚು ಬೇರೆ.

ಪಾವಗಡದ ಸೋಲಾರ್ ಪಾರ್ಕ್ ನೋಡಿದೋರು ಇರ್ತೀರಿ. 13 ಸಾವಿರ ಎಕರೆ, 2050 ಮೆಗಾವ್ಯಾಟು, ರೈತರಿಗೆ ಶುರೂಲಿ ಎಕರೆಗೆ ವರ್ಷಕ್ಕೆ 21 ಸಾವಿರದಂಗೆ ಗುತ್ತಿಗೆ ದುಡ್ಡು ಕೊಟ್ರು. ಒಳ್ಳೇದೇ. ಆದ್ರೆ ಅದೂ ಶಿವನಸಮುದ್ರದ ಕತೇನೇ. ಅಲ್ಲಿ ಹುಟ್ಟಿದ ಕರೆಂಟು ದಪ್ಪ ತಂತೀಲಿ ದೂರಕ್ಕೆ ಹೊರಟೋಯ್ತದೆ. ಮನೆ ಮೇಲಿಂದು ಬೀದಿ ದಾಟಕಿಲ್ಲ. ನೂರಿಪ್ಪತ್ತು ವರ್ಷದಲ್ಲಿ ಮೊದಲ ಸಲ ಕರೆಂಟು ಹುಟ್ಟಿದ ಕಡೇನೇ ಖರ್ಚಾಗ್ತಾ ಅದೆ. ಇದು ನನಗೆ ಸಣ್ಣ ಸಂಗತಿ ಅನ್ಸಕಿಲ್ಲ.

ಹಂಗಾದ್ರೆ ಎಲ್ಲಾರೂ ಹಾಕ್ಸ್ಬೇಕಾ? ಬ್ಯಾಡ. 2023ರ ಆಗಸ್ಟ್ 5ಕ್ಕೆ ಗೃಹಜ್ಯೋತಿ ಶುರುವಾಯ್ತು. ಬೆಂಗಳೂರಿಗೆ ಬೀದಿದೀಪ ಬಂದ ದಿನವೇ ಆಗಸ್ಟ್ 5, ಎಂಥಾ ಕಾಕತಾಳ ನೋಡಿ. ತಿಂಗಳಿಗೆ 60-70 ಯೂನಿಟ್ಟು ಬಳಸಿ ಸೊನ್ನೆ ಬಿಲ್ಲು ಬರೋ ಮನೆಯೋರು ಸಾಲ ಮಾಡಿ ಹಲಗೆ ಹಾಕ್ಸಿದ್ರೆ ಏನು ಬಂದಂಗಾಯ್ತು? ನಮ್ ಮನೆ ಲೆಕ್ಕವೂ ಅಷ್ಟೇ, ನಾನು ಹಾಕ್ಸಿಲ್ಲ. ಆದ್ರೆ 200 ಯೂನಿಟ್ಟು ದಾಟಿದ್ರೆ ಪೂರ್ತಿ ಬಿಲ್ಲು ಬತ್ತದೆ. ನಾದಿನಿ ಮನೇಲಿ ಹೊಲಿಗೆ ಮಿಷಿನ್ನು ಮೂರು, ಜೊತೆಗೆ ಬೋರ್‌ವೆಲ್ ಮೋಟ್ರು, ಎರಡು ಸಂಸಾರ ಒಂದೇ ಮೀಟ್ರಲ್ಲಿ. ಕೆಲಸವೆಲ್ಲ ಹಗಲೇ. ಅವಳಂಥೋರಿಗೆ ಅರ್ಥ ಅದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೇಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಅದಕ್ಕಿಂತ ಮೇಲಕ್ಕೆ 78 ಸಾವಿರ ಸಬ್ಸಿಡಿ. ಬ್ಯಾಂಕಿನೋರು ಅಡಮಾನ ಇಲ್ದೆ ಸಾಲ ಕೊಡ್ತಾರೆ. ಹೆಂಚಿನ ಮನೆಯೋರು ಮಾತ್ರ ಮೊದಲು ತೊಲೆ, ರೀಪು ತೋರ್ಸಿ ಕೇಳ್ಕಳಿ.

ನಾದಿನಿ ಕೆಲಸ ನಿಂತಿದ್ದು ದುಡ್ಡಿಗಲ್ಲ. ಕರೆಂಟು ಸಂಪರ್ಕ ಯಾರ ಹೆಸರಲ್ಲಿ ಅದೆಯೋ ಅವರ ಹೆಸರಲ್ಲೇ ಅರ್ಜಿ ಹೋಗ್ಬೇಕು. ಆರ್.ಆರ್. ನಂಬರು ಇರೋದು ಅವಳ ಮಾವನ ಹೆಸರಲ್ಲಿ. ಅವರು ಹೋಗಿ ಹನ್ನೊಂದು ವರ್ಷ. ಇಷ್ಟು ವರ್ಷ ಬಿಲ್ಲು ಕಟ್ಟಿದೋಳು ಅವಳೇ, ಹೊಲಿಗೆ ದುಡ್ಡಲ್ಲಿ. ಹೆಸರು ಬದಲಾಯ್ಸೋಕೆ ಹೋದ್ರೆ ಖಾತೆ ಬೇಕು, ಖಾತೆಗೆ ಮೂರು ಜನ ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಒಬ್ಬ ಬೆಂಗಳೂರು, ಒಬ್ಬನಿಗೂ ಇವರಿಗೂ ಮಾತಿಲ್ಲ. ನಡುಮನೆ ಬಲ್ಬಿನ ಕಾಲದಿಂದ ಇಲ್ಲಿ ತಂಕ ಬಂದ್ವಿ, ಮೀಟ್ರು ಬೋರ್ಡಿನ ಮೇಲೆ ನಮ್ ಹೆಸರಿಲ್ಲ. ನಿಮ್ ಮನೆ ಬಿಲ್ಲು ಒಂದ್ಸಲ ತೆಗೆದು ಯಾರ ಹೆಸರದೆ ಅಂತ ಇವತ್ತೇ ನೋಡಿ. ಸೋಲಾರ್ ಹಾಕ್ಸಿ ಬುಡಿ, ಅದು ಬೇರೆ. ಮಾವನೋ ತಾತನೋ ಹೆಸರಿದ್ರೆ ಮಾತು ಚೆನ್ನಾಗಿರೋವಾಗ್ಲೇ ಬದಲಾಯ್ಸ್ಕಳಿ, ಸಾಧ್ಯ ಇದ್ರೆ ನಿಮ್ ಹೆಸರಿಗೆ.

ಈಗಾಗ್ಲೇ ಹಾಕ್ಸಿರೋರಿಗೆ ಒಂದು ಮಾತು. ಶ್ರೀರಂಗಪಟ್ಟಣದಲ್ಲಿರೋ ನಮ್ ಚಿಕ್ಕಮ್ಮನ ಮನೇಲಿ ಹಾಕ್ಸಿ ಒಂದು ವರ್ಷ ಆಯ್ತು. ಹೆದ್ದಾರಿ ಧೂಳು, ಆಲೆಮನೆ ಹೊಗೆ ಕೂತು ಹಲಗೆ ಮಂಕಾಗಿ ಯೂನಿಟ್ಟು ಇಳಿದಿತ್ತಂತೆ. ಹದಿನೈದು ದಿನಕ್ಕೊಂದ್ಸಲ ತೊಳೀಬೇಕು. ಬಿಸಿಲೇರೋಕೆ ಮುಂಚೆ, ಬೆಳಿಗ್ಗೆ ಏಳರೊಳಗೆ. ಕಾದ ಗಾಜಿಗೆ ತಣ್ಣೀರು ಸುರೀಬಾರ್ದು. ನಾಗಮಂಗಲದ ಕಡೆ ಬೋರ್ ನೀರು ಗಡಸು, ಒಣಗಿದ್ರೆ ಬಿಳಿ ಕಲೆ ನಿಲ್ತದೆ, ಅಲ್ಲಿಯೋರು ಮಳೆ ನೀರು ಹಿಡಿದಿಟ್ಕಂಡು ಮೆತ್ತನೆ ಬಟ್ಟೇಲಿ ಒರೆಸಿ. ಪಾತ್ರೆ ಉಜ್ಜೋ ನಾರು ಮುಟ್ಟಿಸ್ಬ್ಯಾಡಿ. ಹಪ್ಪಳ, ಸಂಡಿಗೆ ಒಣಗಾಕೋಕೆ ತಾರಸೀಲಿ ಜಾಗ ಬುಟ್ಕಂಡು ಹಲಗೆ ಕೂರ್ಸೋಕೆ ಹೇಳಿ, ಇಲ್ದಿದ್ರೆ ಕೆಲಸಕ್ಕೆ ಬಂದೋರು ನಟ್ಟ ನಡುವೆ ಕೂರಿಸ್ಬುಟ್ಟು ಹೋಯ್ತಾರೆ.